ಹಕ್ಕಿ ದೋಷ

ನಮ್ಮ ಹಿತ್ತಲಿಗೆ ಹಕ್ಕಿ ಬರಲಿ ಎಂದು ನಾನು ಏನೂ ಮಾಡಿದವಳಲ್ಲ. ಮೊದಮೊದಲಂತೂ ಮಾಡಿರಲಿಲ್ಲ. ಹಸು ಮಾರಿದೆವು, ಹಸುವಿಗೆ ನೀರಿಡುತ್ತಿದ್ದ ಕಲ್ಲುಬಾನಿ ಉಳಿಯಿತು. ಬೆಳಿಗ್ಗೆ ಎದ್ದು ಬಾನಿಗೆ ನೀರು ತುಂಬುವುದು ಕೈಗೆ ಅಂಟಿಕೊಂಡ ಕೆಲಸ. ಹಸು ಹೋದ ಮೇಲೂ ಕೈ ಸುಮ್ಮನಿರಲಿಲ್ಲ, ತುಂಬಿದೆ. ಕುಡಿಯುವ ಹಸು ಇಲ್ಲ, ಹಕ್ಕಿಗಳು ಬಂದು ಕುಡಿದವು. ಶುರುವಾಗಿದ್ದು ಅಷ್ಟೇ.

ನಮ್ಮದು ಬೂದಿಗೆರೆ ಕಡೆಯ ಹಳ್ಳಿ. ಊರ ಸುತ್ತ ಮುಂಚೆ ರಾಗಿ ಹೊಲ, ಅವರೆ ಸಾಲು, ನೀಲಗಿರಿ ತೋಪು ಇತ್ತು. ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ಕೆಲವು ಕಡೆ ಮಹಡಿಯ ಮೇಲೆ ಮಹಡಿ ಎದ್ದಿದೆ. ಹಕ್ಕಿಗಳಿಗೆ ಹೋಗಲು ಬೇರೆ ಜಾಗವಿಲ್ಲ. ನಮ್ಮ ಹಿತ್ತಲಲ್ಲಿ ಒಂದು ಸೀಬೆ ಮರ, ಒಂದು ನುಗ್ಗೆ, ಕಾಂಪೌಂಡಿನ ಮಗ್ಗುಲಿಗೆ ಕರಿಬೇವಿನ ಗಿಡಗಳು, ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬಾಳೆ. ಇಷ್ಟಕ್ಕೇ ಅವು ಬರುತ್ತವೆ. ನನ್ನ ಮೇಲಿನ ಪ್ರೀತಿಗೆ ಬರುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರು ಒಣಗಿದ ದಿನ ಒಂದೂ ಇತ್ತ ತಿರುಗಿ ನೋಡುವುದಿಲ್ಲ.

ಹಕ್ಕಿಗೆ ನೀರಿಡುವುದೆಂದರೆ ಒಂದು ತಟ್ಟೆಯಲ್ಲಿ ನೀರು ಸುರಿದು ಒಳಗೆ ಹೋಗುವುದಲ್ಲ. ತೆಂಗಿನ ನಾರು, ಬೂದಿ ಹಾಕಿ ಬಾನಿಯನ್ನು ಆಗಾಗ ಉಜ್ಜದಿದ್ದರೆ ಪಾಚಿ ಕಟ್ಟುತ್ತದೆ, ಸೊಳ್ಳೆ ಹುಟ್ಟುತ್ತದೆ. ಬಾನಿ ಆಳ. ಒಂದು ಗುಬ್ಬಿ ಅದರಲ್ಲಿ ಬಿದ್ದು ಸತ್ತಿತು. ಆಮೇಲೆ ಒಂದು ಗುಂಡುಕಲ್ಲು ತಂದು ನಡುವೆ ಇಟ್ಟೆ, ಕಲ್ಲಿನ ನೆತ್ತಿ ನೀರಿನಿಂದ ಸ್ವಲ್ಪ ಮೇಲಿರುವಂತೆ. ಈಗ ಸಣ್ಣವು ಅದರ ಮೇಲೆ ನಿಂತು ಕುಡಿಯುತ್ತವೆ. ಬೆಕ್ಕು ಹೊಂಚು ಹಾಕುವ ಕಡೆ ಜಾಲಿ ಮುಳ್ಳು ಸುರಿದಿದ್ದೇನೆ. ಉಪ್ಪು ಹಾಕಿದ ಅನ್ನ ಇಡುವುದಿಲ್ಲ. ರಾಗಿ ಕೊಯ್ಲಿನಲ್ಲಿ ಯಾರದಾದರೂ ಹೊಲದಿಂದ ತೆನೆ ಕೇಳಿ ತಂದು, ಗೊಂಚಲು ಕಟ್ಟಿ ಸೂರಿಗೆ ತೂಗು ಹಾಕುತ್ತೇನೆ. ಹಗ್ಗದಲ್ಲಿ ಕಟ್ಟಿದರೆ ಅಳಿಲು ಇಳಿದು ಬಂದು ಎಲ್ಲವನ್ನೂ ಖಾಲಿ ಮಾಡುತ್ತದೆ. ತೆಳ್ಳನೆಯ ತಂತಿಯಲ್ಲಿ ಕಟ್ಟಬೇಕು.

ಬರುವವುಗಳಲ್ಲಿ ಎಲ್ಲವೂ ನನಗೆ ಇಷ್ಟವಲ್ಲ. ಅಪಾರ್ಟ್‌ಮೆಂಟಿನ ಕಡೆಯಿಂದ ಬರುವ ಪಾರಿವಾಳಗಳನ್ನು ಕೋಲು ಹಿಡಿದು ಓಡಿಸುತ್ತೇನೆ. ತಿನ್ನುವುದೂ ಜಾಸ್ತಿ, ಹೊಲಸು ಮಾಡುವುದೂ ಜಾಸ್ತಿ. ಮಣ್ಣು ಬಣ್ಣದ ಹಕ್ಕಿಗಳ ಒಂದು ಗುಂಪು ಬರುತ್ತದೆ. ಪುಸ್ತಕದಲ್ಲಿ ಅದನ್ನು ಹರಟೆಮಲ್ಲ ಅನ್ನುತ್ತಾರಂತೆ. ನಾನು ಜಗಳಗಂಟಿ ಅನ್ನುತ್ತೇನೆ. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ, ಏನೂ ಆಗಿರುವುದಿಲ್ಲ. ಪಿಕಳಾರದ ಒಂದು ಜೋಡಿ ಇತ್ತು. ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಅವು ನೀರಿಗಿಳಿದರೆ ಮಾತ್ರ ನಾನು ಕೈಕೆಲಸ ಬಿಟ್ಟು ನೋಡುತ್ತಿದ್ದೆ. ಮೈ ಪೂರಾ ನೆನೆಸಿಕೊಂಡು, ಜುಟ್ಟು ಅಂಟಿಸಿಕೊಂಡು, ಸೀಬೆ ಕೊಂಬೆಯ ಮೇಲೆ ಕೂತು ಒದರುತ್ತಿದ್ದವು. ಮಧ್ಯಾಹ್ನ ಮುದ್ದೆ ಉಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತರೆ ಹೊತ್ತು ಹೋಗುವುದು ತಿಳಿಯುತ್ತಿರಲಿಲ್ಲ. ನನಗೆ ಟೀವಿ ಬೇಕಿರಲಿಲ್ಲ.

"ಅಮ್ಮಾ, ನಿನ್ ಹಕ್ಕಿಗಳಿಗೆ ರೇಷನ್ ಕಾರ್ಡು ಮಾಡ್ಸೋದೊಂದು ಬಾಕಿ," ಎಂದು ಮಗ ಆಡಿಕೊಳ್ಳುತ್ತಿದ್ದ.

"ಮಾಡ್ಸು. ನಿನ್ ಹೆಸ್ರು ತೆಗ್ಸಿ ಅವುಗಳ ಹೆಸ್ರು ಹಾಕ್ಸು," ಅನ್ನುತ್ತಿದ್ದೆ.

ಹೀಗೆ ನಡೆದಿತ್ತು. ಮೊಮ್ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು. ಮಗನ ಒಬ್ಬಳೇ ಮಗಳು ಅವಳು. ಕೊಟ್ಟಿದ್ದು ಹೊಸಕೋಟೆಗೆ. ಗಂಡ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ಶಿವರಾತ್ರಿಗೆ ಮುಂಚೆ ಹೆರಿಗೆಯಾಯಿತು. ಹೆಣ್ಣು ಮಗು. ಹುಟ್ಟಿದಾಗ ಚೆನ್ನಾಗಿಯೇ ಇತ್ತು, ತೊಡೆ ತುಂಬಿಕೊಂಡು. ಹಿತ್ತಲ ಪಕ್ಕದ ಕೋಣೆಯನ್ನು ಬಾಣಂತಿಗೆ ಬಿಟ್ಟೆವು. ಬಚ್ಚಲು ಹತ್ತಿರ, ನೀರು ಕಾಯಿಸಲು ಅನುಕೂಲ. ಮಗುವಿನ ಬಟ್ಟೆಗಳನ್ನು ನನ್ನ ಸೊಸೆ ಒಗೆದು ಸೀಬೆ ಮರಕ್ಕೂ ನುಗ್ಗೆಗೂ ಕಟ್ಟಿದ ಹಗ್ಗದ ಮೇಲೆ ಒಣಹಾಕುತ್ತಿದ್ದಳು. ಬಿಸಿಲು ಬೀಳುವುದು ಅಲ್ಲಿ ಮಾತ್ರ.

ನಮ್ಮ ಕಡೆ ಒಂದು ಕಟ್ಟಳೆ ಇದೆ. ಕೂಸಿನ ಬಟ್ಟೆಯನ್ನು ದೀಪ ಹಚ್ಚುವ ಹೊತ್ತಿನ ಮೇಲೆ ಹೊರಗೆ ಬಿಡಬಾರದು. ಗೂಡಿಗೆ ಹೋಗುವ ಹಕ್ಕಿಗಳು ಬಟ್ಟೆಯ ಮೇಲೆ ಹಾದು ಹೋದರೆ, ಆ ಬಟ್ಟೆ ಹಾಕಿದ ಮಗುವಿಗೆ ಹಕ್ಕಿ ದೋಷ ತಗುಲುತ್ತದೆ ಎನ್ನುತ್ತಾರೆ. ಮಗು ಹಸಿರಾಗಿ ಭೇದಿ ಮಾಡುತ್ತದೆ, ಹಕ್ಕಿ ಮರಿಯ ಹಾಗೆ ಕತ್ತು ಸಣ್ಣಗಾಗುತ್ತದೆ, ಬಾಯಿ ಬಿಟ್ಟು ಬಿಟ್ಟು ಅಳುತ್ತದೆ. ನಾನೂ ನನ್ನ ಮಕ್ಕಳ ಬಟ್ಟೆಯನ್ನು ಹೊತ್ತಿಗೆ ಮುಂಚೆ ಒಳಗೆ ತಂದವಳೇ. ನಂಬಿ ತಂದೆನೋ ಅಭ್ಯಾಸಕ್ಕೆ ತಂದೆನೋ, ಆಗ ಯಾರೂ ಕೇಳಲಿಲ್ಲ.

ಒಂದು ಸಂಜೆ ಸೊಸೆ ಡೈರಿಗೆ ಹಾಲು ತರಲು ಹೋಗಿ, ದಾರಿಯಲ್ಲಿ ಮಾತಿಗೆ ನಿಂತು ತಡ ಮಾಡಿದಳು. ನಾನು ಒಲೆಯ ಮುಂದೆ ಇದ್ದೆ. ಬಟ್ಟೆ ಹಗ್ಗದ ಮೇಲೆ ಹಾಗೇ ಉಳಿಯಿತು. ಕತ್ತಲಾದ ಮೇಲೆ ತಂದರೆ, ಒಂದು ಬಟ್ಟೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು. ಮತ್ತೆ ಒಗೆದು ಹಾಕಿದೆವು. ಅದಾದ ಮೇಲೆಯೇ ಮಗು ಸೊರಗಲು ಶುರುವಾಯಿತು ಎಂದು ಸೊಸೆ ಈಗಲೂ ಹೇಳುತ್ತಾಳೆ. ಮುಂಚೆಯೇ ಶುರುವಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಇಬ್ಬರೂ ಆಣೆ ಮಾಡಿ ಹೇಳಲಾರೆವು.

ಸೊರಗಿದ್ದು ಮಾತ್ರ ನಿಜ. ಮಗು ಮೊಲೆಗೆ ಬಾಯಿ ಹಾಕುತ್ತಿತ್ತು, ಸ್ವಲ್ಪ ಹೊತ್ತಿಗೆ ಸುಸ್ತಾಗಿ ನಿದ್ದೆ ಹೋಗುತ್ತಿತ್ತು, ಮತ್ತೆ ಎದ್ದು ಅಳುತ್ತಿತ್ತು. ಹಸಿರು ನೊರೆ ನೊರೆಯಾಗಿ ಹೋಗುತ್ತಿತ್ತು. ತೊಡೆಯ ಚರ್ಮ ಸಡಿಲವಾಯಿತು. ಸೊಸೆ ಬಜೆ ತೇದು ನೆಕ್ಕಿಸಿದಳು, ಗ್ರೈಪ್ ವಾಟರ್ ಕುಡಿಸಿದಳು. ಮೊಮ್ಮಗಳು ಮೊಲೆ ನೋವು ಎಂದು ಹಲ್ಲು ಕಚ್ಚಿಕೊಂಡು ಹಾಲೂಡಿಸುತ್ತಿದ್ದಳು. ಕೇಳಿದರೆ, "ಎಲ್ಲಾರ್ಗೂ ಹಿಂಗೇ ಆಗ್ತದಂತೆ ಬಿಡಜ್ಜಿ," ಅನ್ನುತ್ತಿದ್ದಳು.

ಆ ಹೊತ್ತಿಗೆ ಮೊಮ್ಮಗಳ ಅತ್ತೆ ಬಂದಳು. ನನ್ನ ಮಗನಿಗೆ ಬೀಗಿತ್ತಿ. ಗಟ್ಟಿ ಹೆಂಗಸು, ಮಾತೂ ಗಟ್ಟಿ. ಕೆಟ್ಟವಳೆಂದು ನಾನು ಹೇಳುವುದಿಲ್ಲ. ಬಾಣಂತಿಗೆಂದು ಕೊಬ್ಬರಿ, ಬೆಲ್ಲ, ಅಂಟು ಎಲ್ಲ ಹೊತ್ತುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಮಗುವನ್ನು ಎತ್ತಿಕೊಂಡವಳೇ ಬೆನ್ನು ಸವರಿ ನೋಡಿದಳು. ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದಳು. ಹಗ್ಗದ ಮೇಲೆ ಮಗುವಿನ ಬಟ್ಟೆ, ಬಟ್ಟೆಯ ಮಗ್ಗುಲಲ್ಲಿ ಸಾಲಾಗಿ ಗುಬ್ಬಿಗಳು, ಕೆಳಗೆ ಬಾನಿಯಲ್ಲಿ ಜಗಳಗಂಟಿಗಳ ಗಲಾಟೆ.

"ಅಯ್ಯೋ ದೇವ್ರೇ! ಇದೇನಜ್ಜೀ ಇದು? ಮಗು ಬಟ್ಟೆ ಮೇಲೆ ಹಕ್ಕಿ ಕುಂತವೆ!"

"ಕುಂತ್ರೆ ಏನಾಯ್ತು, ಎದ್ದೋಗ್ತವೆ," ಅಂದೆ.

"ಎದ್ದೋಗೋದು ಹಕ್ಕಿ. ದೋಷ ಎದ್ದೋಗ್ತದಾ? ಹಸ್ರು ಹೋಗ್ತದೆ ಅಂತ ಫೋನಲ್ಲಿ ಹೇಳ್ದಾಗ್ಲೇ ನಂಗೆ ಡೌಟು ಬಂತು. ಊರಲ್ಲಿರೋ ಹಕ್ಕೀನೆಲ್ಲ ಕರ್ಕೊಂಬಂದು ಊಟಕ್ ಕೂರ್ಸಿದೀರಲ್ಲ ನೀವು!"

ಸೊಸೆ ಬಾಗಿಲಲ್ಲಿ ನಿಂತು ಅಳಲು ಶುರು ಮಾಡಿದಳು. "ಆವತ್ತು ಬಟ್ಟೆ ಹೊರ್ಗೇ ಉಳ್ಕೊಂಡ್ಬಿಡ್ತು ಕಣಕ್ಕ," ಅಂದುಬಿಟ್ಟಳು.

ಅಲ್ಲಿಗೆ ತೀರ್ಮಾನವಾಯಿತು. ಬೀಗಿತ್ತಿ ಕೂತು ಲೆಕ್ಕಾಚಾರದ ಮಾತಾಡಿದಳು. ಅವಳ ತವರೂರಿನಲ್ಲಿ ಒಬ್ಬ ಮುದುಕಿ ಇದ್ದಾಳಂತೆ. ಅರಿಶಿನದ ಕೊಂಬನ್ನು ಎಣ್ಣೆ ದೀಪದಲ್ಲಿ ಕಾಯಿಸಿ, ಮಗುವಿನ ಹೊಟ್ಟೆಯ ಮೇಲೆ, ಹೊಕ್ಕುಳ ಸುತ್ತ ಬರೆ ಹಾಕುತ್ತಾಳಂತೆ. ಹಕ್ಕಿ ದೋಷ ಅಲ್ಲಿಗೇ ಸುಟ್ಟು ಹೋಗುತ್ತದಂತೆ. "ನನ್ ಮಗನ್ಗೂ ಹಾಕ್ಸಿದೀನಿ. ನೋಡಿ ಹೆಂಗವ್ನೆ, ಕಂಬ ಇದ್ದಂಗೆ."

ಮೊಮ್ಮಗಳ ಮುಖ ನೋಡಿದೆ. ಡಿಗ್ರಿ ಓದಿದವಳು, ಏನಾದರೂ ಅಂದಾಳು ಎಂದುಕೊಂಡೆ. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು. ಹೆದರಿದವರ ಓದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

"ಬರೆ ಗಿರೆ ಬೇಡ," ಅಂದೆ.

"ಯಾಕೆ ಬೇಡ? ನಿಮ್ ಕಾಲದಲ್ಲಿ ಹಾಕ್ತಿರ್ಲಿಲ್ವ?"

ಹಾಕುತ್ತಿದ್ದರು. ನನಗೇ ಹಾಕಿದ್ದಾರೆ. ಹೊಟ್ಟೆಯ ಮೇಲೆ ಹೊಕ್ಕುಳ ಪಕ್ಕ ಬೆರಳಗಲದ ಗುರುತು ಇದೆ, ಚರ್ಮ ಮುದುರಿಕೊಂಡು ಬೆಳ್ಳಗೆ. ನನಗೆ ನೋವಿನ ನೆನಪಿಲ್ಲ, ಕೂಸಾಗಿದ್ದೆ. ಆದರೆ ನನ್ನ ತಂಗಿಗೆ ಹಾಕಿದ್ದು ನೆನಪಿದೆ. ಅಳು ನೆನಪಿದೆ. ವಾಸನೆ ನೆನಪಿದೆ. ಆ ಗಾಯ ಕೀವು ಕಟ್ಟಿತು. ತಂಗಿ ಉಳಿಯಲಿಲ್ಲ. ಮೊದಲಿದ್ದ ಕಾಯಿಲೆಗೆ ಹೋದಳೋ ಗಾಯಕ್ಕೆ ಹೋದಳೋ, ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಇದನ್ನೆಲ್ಲ ನಾನು ಹೇಳಲಿಲ್ಲ. ಹೇಳಿದ್ದು ಇಷ್ಟೇ: "ನಂಗೂ ಹಾಕವ್ರೆ. ನೋಡ್ಬೇಕಾದ್ರೆ ನೋಡು."

"ಮತ್ತೆ! ನೀವು ಬದ್ಕಿಲ್ವಾ ಅಜ್ಜಿ? ಇಷ್ಟು ವಯಸ್ಸಾದ್ರೂ ಕೋಲ್ ಹಿಡ್ಕೊಂಡು ಪಾರಿವಾಳ ಓಡಿಸ್ತಾ ಇದೀರ!"

ಬದುಕಿದವಳು ಎದುರಿಗೆ ಕೂತಿದ್ದಾಳೆ, ಸತ್ತವಳನ್ನು ತೋರಿಸಲು ಆಗುವುದಿಲ್ಲ. ಬೀಗಿತ್ತಿ ಮುಂದಿನ ವಾರವೇ ಆ ಮುದುಕಿಯನ್ನು ಕರೆದುಕೊಂಡು ಬರುತ್ತೇನೆ ಅಂದಳು. ಆಗ ನನ್ನ ಬಾಯಿಂದ ಈ ಮಾತು ಬಂತು:

"ನೋಡವ್ವ, ದೋಷ ಬಂದಿದ್ದು ಹಕ್ಕಿಯಿಂದ ತಾನೆ? ಹಕ್ಕೀನೇ ಓಡಿಸ್ಬಿಡ್ತೀನಿ. ಹಿತ್ಲಿಗೆ ಒಂದೂ ಬರ್ದಂಗೆ ಮಾಡ್ತೀನಿ. ಯುಗಾದಿ ಅಮಾಸೆ ಗಂಟ ಮಗೂಗೆ ಏನೂ ಮಾಡ್ಬೇಡ."

ಅವಳು ಯೋಚನೆ ಮಾಡಿದಳು. "ಅಮಾಸೆ ಆದ್ರೂ ಸುಧಾರಿಸ್ಲಿಲ್ಲ ಅಂದ್ರೆ?"

"ಆಗ ನೀನು ಹೇಳ್ದಂಗೆ," ಅಂದೆ.

ಹಕ್ಕಿ ಕೊಟ್ಟು ಮಗುವಿನ ಹೊಟ್ಟೆಯನ್ನು ಬಿಡಿಸಿಕೊಂಡೆ. ಒಳ್ಳೆಯ ವ್ಯಾಪಾರ ಎಂದೇ ಆಗ ಅನ್ನಿಸಿತು.

ಮಾರನೆಯ ದಿನವೇ ಶುರು ಮಾಡಿದೆ. ತೆನೆ ಗೊಂಚಲು ಬಿಚ್ಚಿದೆ. ಮಗನ ಕೈಯಲ್ಲಿ ಬಾನಿಯನ್ನು ಬೋರಲು ಹಾಕಿಸಿದೆ. ಸೀಬೆ ಹಣ್ಣುಗಳನ್ನು ಕಾಯಿ ಇರುವಾಗಲೇ ಕಿತ್ತು ಹಾಕಿದೆ. ಮಗ ದೇವನಹಳ್ಳಿಯ ಕಡೆ ದ್ರಾಕ್ಷಿ ತೋಟದವರಿಂದ ಹಳೆಯ ಬಲೆ ತಂದ. ಬಲೆ ಬೇಡ ಅಂದೆ. ಅದರಲ್ಲಿ ಕಾಲು ಸಿಕ್ಕಿಕೊಂಡ ಹಕ್ಕಿ ತಲೆಕೆಳಗಾಗಿ ಒಣಗುತ್ತದೆ, ಬಿಡಿಸುವವರು ಯಾರು. ಮಿಂಚುವ ರಿಬ್ಬನ್ನನ್ನು ಗಿಡದಿಂದ ಗಿಡಕ್ಕೆ ಎಳೆದು ಕಟ್ಟಿದೆವು. ಅದು ಗಾಳಿಗೆ ಗುಂಯ್ ಅನ್ನುತ್ತಿತ್ತು. ನಾನು ಒಂದು ಸ್ಟೀಲ್ ತಟ್ಟೆ, ಒಂದು ಸೌಟು ಹಿಡಿದು ಮೆಟ್ಟಿಲ ಮೇಲೆ ಕೂತೆ.

ಹಕ್ಕಿಗಳಿಗೆ ಅರ್ಥವಾಗಲಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಬಂದವು. ಬೋರಲು ಬಾನಿಯ ಮೇಲೆ ಕೂತವು, ಅದರ ಸುತ್ತ ನಡೆದವು, ಅಡಿಗೆ ಬಗ್ಗಿ ನೋಡಿದವು. ನಾನು ತಟ್ಟೆ ಬಡಿದೆ. ಹಾರಿ ಕಾಂಪೌಂಡಿನ ಮೇಲೆ ಕೂತವು. ಬಡಿದೆ. ಕರೆಂಟ್ ತಂತಿಯ ಮೇಲೆ ಕೂತವು. ಗೊರವಂಕಗಳಿಗೆ ಮೊದಲು ತಿಳಿಯಿತು, ಅವು ಬರುವುದನ್ನು ಬಿಟ್ಟವು. ಗುಬ್ಬಿಗಳಿಗೆ ತಡವಾಯಿತು. ಬಿಸಿಲು ಏರುತ್ತಿತ್ತು, ಕೆರೆಯಲ್ಲಿ ನೀರಿಲ್ಲದ ಕಾಲ. ಬಚ್ಚಲ ಕಾಲುವೆಯ ಸೋಪು ನೀರಿಗೂ ಕೊಕ್ಕು ಹಾಕಿದವು. ಅಲ್ಲಿಗೂ ಹೋಗಿ ಬಡಿದೆ.

ಪಿಕಳಾರದ ಜೋಡಿ ಕರಿಬೇವಿನ ಗಿಡದಲ್ಲಿ ಗೂಡು ಕಟ್ಟಿತ್ತು. ನನಗೆ ಗೊತ್ತಿತ್ತು, ಮೊಟ್ಟೆ ಇಟ್ಟಿದ್ದೂ ಗೊತ್ತಿತ್ತು. ಸೊಸೆಗೆ ಹೇಳಿರಲಿಲ್ಲ. ಗೂಡಿಗೆ ಕೈ ಹಾಕಲಿಲ್ಲ ನಾನು. ಆದರೆ ಆ ಗಿಡದ ಮಗ್ಗುಲಲ್ಲೇ ನಿಂತು ಎಷ್ಟು ಬಡಿದೆನೆಂದರೆ, ಕಾವಿಗೆ ಕೂತ ಹಕ್ಕಿ ಎದ್ದು ಎದ್ದು ಹಾರುತ್ತಿತ್ತು. ಒಂದು ದಿನ ಬರಲೇ ಇಲ್ಲ. ಮುಟ್ಟಿ ನೋಡಿದೆ, ಮೊಟ್ಟೆ ತಣ್ಣಗಿದ್ದವು. ಮೈಮೇಲೆ ಕೆಂಪು ಚುಕ್ಕೆ ಇರುವ ಮೊಟ್ಟೆಗಳು, ನಮ್ಮ ಹೆಬ್ಬೆರಳ ತುದಿಯಷ್ಟು. ಬಾಳೆಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ. ಒಳಗೆ ಒಬ್ಬ ಬಾಣಂತಿ, ಹೊರಗಿನ ಬಾಣಂತಿಯನ್ನು ನಾನೇ ಓಡಿಸಿದೆ. ಕೂತು ಅತ್ತುಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ತೊಳೆದು ಬಾಣಂತಿಗೆ ಮೆಣಸಿನ ಸಾರು ಮಾಡಲು ಒಳಗೆ ಹೋದೆ.

ಹಿತ್ತಲು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಮಗುವಿನ ಅಳು ಇನ್ನೂ ಜೋರಾಗಿ ಕೇಳಿಸಿತು. ಹಕ್ಕಿ ಹೋಗಿದ್ದರಿಂದ ಏನೂ ಆಗಲಿಲ್ಲ. ಅದೇ ಹಸಿರು, ಅದೇ ಸೊರಗು. ಯುಗಾದಿ ಹತ್ತಿರ ಬಂತು. ಬೀಗಿತ್ತಿ ಫೋನು ಮಾಡಿ, ಮುದುಕಿಗೆ ಹೇಳಿಟ್ಟಿದ್ದೇನೆ ಅಂದಳು.

ಅವತ್ತು ನಾನು ಮೊಮ್ಮಗಳನ್ನು ಹಿಡಿದುಕೊಂಡೆ. "ಎದ್ದೇಳೇ, ಮಕ್ಕಳ ಡಾಕ್ಟ್ರ ಹತ್ರ ಹೋಗನ."

"ಸೂಜಿ ಹಾಕ್ಸೋಕೆ ಹೋದಾಗ ನರ್ಸು ನೋಡಿದ್ರಲ್ಲಜ್ಜಿ. ಹಾಲು ಚೆನ್ನಾಗಿ ಕುಡ್ಸಿ ಅಂದ್ರು ಅಷ್ಟೇ."

"ಕುಡ್ಸಿದ್ದಾಯ್ತಲ್ಲ, ಮೈಗೆ ಹತ್ತಿದ್ಯಾ? ಗಂಡನ್ನ ಕರಿ. ಗಾಡಿ ತರ್ಲಿ. ನಿಮ್ಮತ್ತೆಗೆ ಈಗ್ಲೇ ಹೇಳ್ಬೇಡ ಅನ್ನು."

ಹೊಸಕೋಟೆಗೆ ಹೋದೆವು, ನಾನೂ ಕೂತುಕೊಂಡೆ. ಡಾಕ್ಟರು ಮಗುವನ್ನು ತೂಗಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಮೊಮ್ಮಗಳಿಗೆ ಅಲ್ಲೇ ಹಾಲು ಕುಡಿಸಿ ತೋರಿಸಲು ಹೇಳಿದರು. ಮಗು ಹೀರುವಾಗ ಟಕ್ ಟಕ್ ಅಂತ ಸದ್ದು ಬಂತು. ಆ ಸದ್ದನ್ನು ಮನೆಯಲ್ಲಿ ನಾವು ದಿನಾ ಕೇಳಿದ್ದೆವು. ಆಸೆಯಿಂದ ಕುಡಿಯುತ್ತಿದೆ ಎಂದುಕೊಂಡಿದ್ದೆವು. ಡಾಕ್ಟರು ಬೆರಳಿನಿಂದ ಮಗುವಿನ ನಾಲಿಗೆ ಎತ್ತಿ ನಮಗೆ ತೋರಿಸಿದರು. ನಾಲಿಗೆಯ ಅಡಿಯಲ್ಲಿ ಒಂದು ತೆಳ್ಳನೆಯ ಪೊರೆ, ತುದಿಯವರೆಗೂ ಅಂಟಿಕೊಂಡಿತ್ತು. ನಾಲಿಗೆ ಚಾಚಲು ಆಗದ ಮಗು ಹಾಲನ್ನು ಪೂರಾ ಎಳೆಯಲಾರದು, ಮೇಲಿನ ನೀರು ಹಾಲು ಮಾತ್ರ ಬಾಯಿಗೆ ಬರುತ್ತದೆ, ಅದಕ್ಕೇ ಹಸಿರು, ಅದಕ್ಕೇ ಹಸಿವು, ಅದಕ್ಕೇ ತಾಯಿಗೆ ನೋವು ಎಂದರು.

"ಬಟ್ಟೆ ಮೇಲೆ ಹಿಕ್ಕೆ ಬಿದ್ದಿದ್ಕೆ ಹಕ್ಕಿ ದೋಷ ಅಂತವ್ರೆ ಸಾರ್, ಅಂಗೇನಾದ್ರೂ ಅದಾ?" ಎಂದು ಕೇಳಿದೆ. ಕೇಳಿಬಿಡುವುದು ಒಳ್ಳೆಯದು.

ಅವರು ನಗಲಿಲ್ಲ. "ಹಕ್ಕಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ಹುಟ್ಟುವಾಗ್ಲೇ ಇದ್ದದ್ದು. ಬಟ್ಟೆ ಮೇಲೆ ಹಿಕ್ಕೆ ಬಿದ್ರೆ ಚೆನ್ನಾಗಿ ಒಗೀರಿ, ಅಷ್ಟೇ."

ಅಲ್ಲೇ ಒಂದು ಕೋಣೆಗೆ ಕರೆದುಕೊಂಡು ಹೋಗಿ ಪೊರೆ ಕತ್ತರಿಸಿದರು. ಮಗು ಕಿರುಚಿತು. ನಾನು ಹೊರಗಿನ ಬೆಂಚಿನ ಮೇಲೆ ಕೂತು, ಸೆರಗಿನ ಒಳಗೆ ಕೈ ಹಾಕಿ ಹೊಟ್ಟೆಯ ಗುರುತನ್ನು ಒತ್ತಿ ಹಿಡಿದುಕೊಂಡಿದ್ದೆ. ಯಾಕೋ ಗೊತ್ತಿಲ್ಲ. ಕಿರುಚಾಟ ಬೇಗ ನಿಂತಿತು. ಒಳಗೆ ಹೋದರೆ, ಬಾಯಲ್ಲಿ ಒಂದು ಹನಿ ರಕ್ತ ಇಟ್ಟುಕೊಂಡೇ ಹಾಲು ಕುಡಿಯುತ್ತಿತ್ತು. ಟಕ್ ಸದ್ದಿಲ್ಲ, ಗುಟುಕ್ ಗುಟುಕ್ ಅಂತ ನುಂಗುವ ಸದ್ದು. ಮೊಮ್ಮಗಳು ನನ್ನ ಕಡೆ ನೋಡಿ, "ಅಜ್ಜೀ, ನೋವಾಗ್ತಿಲ್ಲ," ಅಂದಳು.

ಮಗು ಚೇತರಿಸಿಕೊಂಡಿತು. ಯುಗಾದಿ ಕಳೆದ ಮೇಲೆ ಬೀಗಿತ್ತಿ ಬಂದು ನೋಡಿದಾಗ ಕೆನ್ನೆ ತುಂಬುತ್ತಿತ್ತು. ಎತ್ತಿ ಎತ್ತಿ ಮುದ್ದಾಡಿದಳು. ಆಮೇಲೆ ಹಿತ್ತಲಿಗೆ ಹೋಗಿ, ಬೋರಲು ಬಾನಿಯನ್ನೂ ರಿಬ್ಬನ್ನನ್ನೂ ನೋಡಿಕೊಂಡು ಬಂದು ಹೇಳಿದಳು:

"ನೋಡಿದ್ರಾ ಅಜ್ಜಿ? ಹಕ್ಕಿ ಓಡ್ಸಿದ್ ಮೇಲೆ ಮಗು ಹೆಂಗೆ ಮೈ ಕೈ ತುಂಬ್ಕೊಂತು!"

"ನಾಲ್ಗೆ ಅಂಟ್ಕೊಂಡಿತ್ತು. ಡಾಕ್ಟ್ರು ಕತ್ತರಿಸಿದ್ರು," ಅಂದೆ.

"ಗೊತ್ತು, ನನ್ ಮಗ ಹೇಳ್ದ. ನಾಲ್ಗೆ ಯಾಕೆ ಅಂಟ್ಕೊಂತು? ಅದೂ ದೋಷದಿಂದ್ಲೇ ಅಂಟ್ಕೊಂಡಿರೋದು."

"ಹುಟ್ಟೋವಾಗ್ಲೇ ಇತ್ತಂತೆ."

"ಹೊಟ್ಟೇಲಿದ್ದಾಗ್ಲೇ ಇವ್ಳು ಇಲ್ಲಿಗೆ ಬಂದು ಹಕ್ಕಿ ನೋಡ್ತಾ ಕೂತಿರ್ಲಿಲ್ವಾ?"

ಸೊಸೆ ಹೌದು ಹೌದು ಎಂದು ತಲೆಯಾಡಿಸಿದಳು. ಮಗ ನಕ್ಕು ಎದ್ದು ಹೋದ. ನಾನು ಯಾರ ಜೊತೆ ಜಗಳ ಆಡಲಿ? ಹಕ್ಕಿಯನ್ನು ಓಡಿಸಿದರೆ ಮಗು ಉಳಿಯುತ್ತದೆ ಎಂದು ಮಾತು ಕೊಟ್ಟವಳು ನಾನೇ. ಓಡಿಸಿದೆ, ಮಗು ಉಳಿಯಿತು. ಮಗುವನ್ನು ಬರೆಯಿಂದ ಬಿಡಿಸಲು ನಾನು ಹಾಕಿದ ಗಂಟು ಅವಳ ಕೈಯಲ್ಲಿ ಇನ್ನೂ ಬಿಗಿಯಾಯಿತು. ಬರೆ ಮಾತ್ರ ತಪ್ಪಿತು. ಅಷ್ಟು ಸಾಕು ಎಂದುಕೊಂಡೆ.

ಐದನೇ ತಿಂಗಳಿಗೆ ಮಗು, ಬಾಣಂತಿ ಹೊಸಕೋಟೆಗೆ ಹೋದರು. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಹಿತ್ತಲಿಗೆ ಹೋಗಿ ರಿಬ್ಬನ್ ಕಿತ್ತೆ. ಮಗನನ್ನು ಕರೆದು ಬಾನಿ ಎತ್ತಿಸಿದೆ.

"ಇನ್ನೂ ಬುದ್ಧಿ ಬಂದಿಲ್ವೇನಮ್ಮ ನಿಂಗೆ?" ಅಂದ.

"ನೀನು ಎತ್ತು. ಬುದ್ಧಿ ವಿಷ್ಯ ಆಮೇಲೆ ನೋಡನ."

ನೀರು ತುಂಬಿದೆ. ಯಾವುದೂ ಬರಲಿಲ್ಲ. ನನ್ನನ್ನು ಕಂಡರೆ ತಟ್ಟೆಯ ಸದ್ದು ನೆನಪಾಗುತ್ತಿತ್ತೇನೋ, ಕಾಂಪೌಂಡಿನ ಆಚೆಯಿಂದಲೇ ತಿರುಗಿ ಹೋಗುತ್ತಿದ್ದವು. ನಾನು ಹಿತ್ತಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಬೆಳಿಗ್ಗೆ ನೀರು ತುಂಬಿ ಒಳಗೆ ಬಂದು ಕಿಟಕಿಯಿಂದ ನೋಡುತ್ತಿದ್ದೆ. ಕೊನೆಗೆ ಜಗಳಗಂಟಿಗಳು ಬಂದವು. ಅವಕ್ಕೆ ನಾಚಿಕೆಯೂ ಇಲ್ಲ, ಹೆದರಿಕೆಯೂ ಇಲ್ಲ. ಅವುಗಳ ಗಲಾಟೆ ಕೇಳಿ ಗುಬ್ಬಿಗಳು ಬಂದವು. ಪಿಕಳಾರದ ಜೋಡಿ ಬರಲಿಲ್ಲ. ಬೇರೆ ಜೋಡಿ ಬಂದರೂ ಬರಬಹುದು. ಅದು ಆ ಹಳೆಯ ಜೋಡಿಯೇ ಎಂದು ಹೇಳಲು ನನ್ನಿಂದ ಆಗುವುದಿಲ್ಲ.

ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರುವುದು ವಾಡಿಕೆ. ಸೊಸೆ ಮೊರದ ಬಾಗಿನಕ್ಕೆ ಎಲ್ಲ ಹೊಂದಿಸಿಟ್ಟಳು. ಹಬ್ಬಕ್ಕೆ ಮುಂಚೆ ಬೀಗಿತ್ತಿಯ ಫೋನು ಬಂತು, ನನಗೇ ಕೊಡಲು ಹೇಳಿದಳಂತೆ. ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಅಲಸಂದೆಕಾಯಿ ಸುಲಿಯುತ್ತಾ ಕೂತಿದ್ದೆ. ಸೊಸೆ ಫೋನನ್ನು ಅಲ್ಲಿಗೇ ತಂದಳು.

"ಅಜ್ಜಿ, ಮಗೂನ ಕಳಿಸ್ತೀನಿ. ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಹಿತ್ಲಲ್ಲಿ ಹಕ್ಕಿ ಪಕ್ಕಿ ಏನೂ ಇಲ್ಲ ತಾನೆ?"

ಸೊಸೆ ನನ್ನ ಮುಖ ನೋಡುತ್ತಿದ್ದಳು. ಕಣ್ಣಲ್ಲೇ ಬೇಡಿಕೊಂಡಳು.

"ಇಲ್ಲ ಕಣವ್ವ. ಒಂದೂ ಇಲ್ಲ," ಅಂದೆ.

ಅಷ್ಟು ಹೊತ್ತಿಗೆ ಬಾನಿಯ ಹತ್ತಿರ ಜಗಳಗಂಟಿಗಳು ಒಟ್ಟಿಗೆ ಬಾಯಿ ಬಿಟ್ಟವು. ಬೆಕ್ಕು ಬಂತೋ, ಸುಮ್ಮನೆಯೋ. ಕಿವಿ ಕಿತ್ತು ಹೋಗುವಂಥ ಗಲಾಟೆ.

"ಅದೇನಜ್ಜಿ ಸದ್ದು?"

"ಟೀವಿ."

ಬೀಗಿತ್ತಿ ಮೆಲ್ಲಗೆ, ಬೈಯದೆ ಹೇಳಿದಳು. "ನೀವು ಟೀವಿ ನೋಡಲ್ಲ ಅಜ್ಜಿ. ನಂಗೊತ್ತು." ಫೋನು ಇಟ್ಟಳು. ಅವಳು ಬೈದಿದ್ದರೆ ನಾನೂ ಬೈಯಬಹುದಿತ್ತು.

ಹಬ್ಬಕ್ಕೆ ಮಗು ಬರಲಿಲ್ಲ. ಬಾಗಿನವನ್ನು ಮಗ ಹೊಸಕೋಟೆಗೆ ಹೋಗಿ ಕೊಟ್ಟು ಬಂದ. ಸೊಸೆ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆಯನ್ನು ಮುಂದೆ ಇಟ್ಟು ಹೋಗುತ್ತಿದ್ದಳು, ಅಷ್ಟೇ. ಒಂದು ದಿನ ತಡೆಯಲಾರದೆ ಅಂದಳು: "ಅತ್ತೆ, ನಿಮ್ಗೆ ಮರಿಮಗ್ಳಿಗಿಂತ ಆ ಹಕ್ಕಿಗಳೇ ಹೆಚ್ಚಾ?"

ಹೆಚ್ಚಲ್ಲ. ಹೆಚ್ಚಾಗಿದ್ದರೆ ಮೊಟ್ಟೆ ತಣ್ಣಗಾಗಲು ಬಿಡುತ್ತಿದ್ದೆನೇ? ಆದರೆ ಇಲ್ಲದ ದೋಷಕ್ಕೆ ಎಷ್ಟು ಸಲ ತೆರಬೇಕು? "ಮುದ್ದೆ ತಣ್ಣಗಾಯ್ತು," ಅಂದೆ.

ಮೊಮ್ಮಗಳು ತಾನಾಗಿಯೇ ಬಂದಳು. ಆಯುಧಪೂಜೆ ಕಳೆದ ಮೇಲೆ, ಒಂದು ಭಾನುವಾರ, ಗಂಡನ ಜೊತೆ. ಅತ್ತೆಗೆ ಏನು ಹೇಳಿ ಬಂದಳೋ ನಾನು ಕೇಳಲಿಲ್ಲ. ಮಗು ದುಂಡಗಾಗಿತ್ತು, ಅಂಬೆಗಾಲಿಡುತ್ತಿತ್ತು. ನನ್ನನ್ನು ಕಂಡು ಅಳಲಿಲ್ಲ. ಕಿವಿಯ ಓಲೆ ಹಿಡಿದು ಎಳೆಯಿತು. ಸೊಸೆ ಎಷ್ಟೋ ದಿನದ ಮೇಲೆ ನಕ್ಕಳು.

ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಮೊಮ್ಮಗಳು ಎದ್ದು ನೀರು ಕುಡಿಯಲು ಒಳಗೆ ಹೋದವಳು ಅಡುಗೆಮನೆ ದಾಟಿ ಹಿಂದಕ್ಕೆ ಹೋದಳು. ಹಿಂಬಾಗಿಲು ಹಾಕುವ ಸದ್ದು ಕೇಳಿಸಿತು. ಆಮೇಲೆ ಚಿಲಕದ ಸದ್ದು. ನಾನೂ ಎದ್ದು ಹೋದೆ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಪುಟ್ಟವಳಿದ್ದಾಗ ಗುಬ್ಬಿ ತೋರಿಸದಿದ್ದರೆ ಇವಳ ಬಾಯಿಗೆ ತುತ್ತು ಹೋಗುತ್ತಿರಲಿಲ್ಲ.

"ನೀನೂ ನಂಬ್ತೀಯೇನೇ?" ಎಂದು ಕೇಳಿದೆ.

"ಇಲ್ಲಜ್ಜಿ. ನಂಬಲ್ಲ."

"ಮತ್ತೆ?"

"ನಾಲ್ಗೆ ಕತ್ತರಿಸಿದ್ದಕ್ಕೇ ಸರಿಹೋಗಿದ್ದು ಅಂತ ನಂಗೊತ್ತು. ಡಾಕ್ಟ್ರು ಹೇಳಿದ್ದು ಎಲ್ಲ ಗೊತ್ತು." ಬೆರಳಿನಿಂದ ಚಿಲಕವನ್ನು ಆಡಿಸುತ್ತಿದ್ದಳು, ತೆಗೆಯಲಿಲ್ಲ. "ಆದ್ರೂ ಹಾಕಿರ್ಲಿ ಬಿಡಜ್ಜಿ. ನಾವು ಹೋಗೋ ಗಂಟ."

ಬೀಗಿತ್ತಿಯಾಗಿದ್ದರೆ ಏನಾದರೂ ಅನ್ನುತ್ತಿದ್ದೆ. ಇವಳು ಹ್ಞೂ ಅಂದಿದ್ದರೂ ಅನ್ನುತ್ತಿದ್ದೆ. ನಂಬುವುದಿಲ್ಲ ಎಂದು ಹೇಳಿ ಚಿಲಕ ಹಾಕುವವಳಿಗೆ ಏನು ಹೇಳುವುದು? ಇವಳ ವಯಸ್ಸಿನಲ್ಲಿ, ಮಡಿಲಲ್ಲಿ ಸೊರಗಿ ಉಳಿದ ಕೂಸಿದ್ದಿದ್ದರೆ, ನಾನೂ ಹಾಕುತ್ತಿದ್ದೆ.

ಹೊರಗೆ ಬಿಸಿಲಿತ್ತು, ಹಕ್ಕಿಗಳು ನೀರಿಗೆ ಇಳಿದಿದ್ದವು. ಮಗುವಿಗೆ ಆ ಸದ್ದು ಕೇಳಿಸಿರಬೇಕು. ಅಂಬೆಗಾಲಿಡುತ್ತಾ ಅಡುಗೆಮನೆ ದಾಟಿ ಬಂತು. ಬಾಗಿಲಿನ ಹತ್ತಿರ ಬಂದು, ಅಂಗೈಯಿಂದ ಹಲಗೆಯನ್ನು ತಟ್ಟಿತು. ತಟ್ಟಿ, ನನ್ನ ಮುಖ ನೋಡಿತು. ಮತ್ತೆ ತಟ್ಟಿತು.

ಮೊಮ್ಮಗಳು ಅಲುಗಲಿಲ್ಲ. ನಾನೇ ಬಗ್ಗಿ ಮಗುವನ್ನು ಎತ್ತಿಕೊಂಡೆ, ಈಗ ಭಾರವಾಗಿದೆ. ಕಂಕುಳಲ್ಲಿಟ್ಟುಕೊಂಡು ನಡುಮನೆಗೆ ಬಂದೆ. ದಾರಿಯುದ್ದಕ್ಕೂ ಅದು ಹಿಂದಕ್ಕೆ ತಿರುಗಿ ನೋಡುತ್ತಲೇ ಇತ್ತು. ಕೈಗೆ ಒಂದು ಸೌಟು ಕೊಟ್ಟು ನೆಲದ ಮೇಲೆ ಕೂರಿಸಿದೆ.